ರಕ್ಷಣೆ ಹೊಂದಿದ್ದು ಯಾವಾಗ?

ಬೆಂಗಳೂರಿನಲ್ಲಿ ನಾನು ಆಗಾಗ ಹೋಗುವ ಒಂದು ಕ್ರೈಸ್ತ ಸಭೆಯ ಯುವಜನರ ಗುಂಪಿಗೆ ಸೇರಬೇಕಾದರೆ ಮೊಬೈಲಿನಲ್ಲೇ ಒಂದು ಫಾರ್ಮ್ ತುಂಬಬೇಕಿತ್ತು. ಹೆಸರು, ಫೋನ್ ನಂಬರ್, ರಕ್ತದ ಗುಂಪು, ಹುಟ್ಟಿದ ದಿನಾಂಕ. ಅಲ್ಲಿಯವರೆಗೆ ತೊಂದರೆ ಇರಲಿಲ್ಲ. ಅದರ ಕೆಳಗೆ ‘ರಕ್ಷಣೆ ಹೊಂದಿದ ದಿನಾಂಕ’ ಅಂತ ಒಂದು ಖಾನೆ. ಯೇಸುವನ್ನು ಸ್ವಂತ ಮನಸ್ಸಿನಿಂದ ನಂಬಿದ ದಿನ ಅಂತ ಅರ್ಥ. ಪಕ್ಕದಲ್ಲಿ ಕೆಂಪು ನಕ್ಷತ್ರ. ಅಂದರೆ ಖಾಲಿ ಬಿಡುವ ಹಾಗಿಲ್ಲ. ಮುಟ್ಟಿದರೆ ಕ್ಯಾಲೆಂಡರ್ ತೆರೆದುಕೊಳ್ಳುತ್ತಿತ್ತು. ತಿಂಗಳು, ವರ್ಷ ಹಿಂದಕ್ಕೆ ಸರಿಸುತ್ತಾ ಹೋದೆ. ಯಾವ ದಿನದ ಮೇಲೆ ಬೆರಳಿಡಬೇಕು ಅಂತ ಗೊತ್ತಾಗಲಿಲ್ಲ.

ನಮ್ಮಂಥವರಿಗೆ ಇದೇನೂ ಹೊಸ ಪ್ರಶ್ನೆ ಅಲ್ಲ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದು ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಬಂದವರನ್ನು ಪಿ.ಜಿ.ಯಲ್ಲೋ ಆಫೀಸಿನ ಕ್ಯಾಂಟೀನಿನಲ್ಲೋ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ನನ್ನನ್ನು ಕೇಳಿದ್ದು ನನ್ನ ರೂಮ್‌ಮೇಟ್. ತುಮಕೂರು ಕಡೆಯವಳು. ನಾನು ಸುಮ್ನೆ ‘ನಾವು ಅಜ್ಜನ ಕಾಲದಿಂದಲೂ ಕ್ರೈಸ್ತರು ಮಾರಾಯ್ತಿ’ ಅಂದೆ. ಅವಳು ನಗಲಿಲ್ಲ. ‘ದೇವರಿಗೆ ಮಕ್ಕಳಿದ್ದಾರೆ, ಮೊಮ್ಮಕ್ಕಳಿಲ್ಲ ಕಣೇ’ ಅಂದಳು. ಈ ಮಾತು ಚರ್ಚಿನ ಪ್ರಸಂಗಗಳಲ್ಲಿ ಕೇಳಿ ಕೇಳಿ ಸವೆದುಹೋಗಿದೆ. ಆದರೂ ಎದುರಿಗೆ ಕೂತು, ನಮ್ಮ ಮೇಲೆ ನಿಜವಾದ ಕಾಳಜಿ ಇರುವವರು ಹೇಳಿದಾಗ ಚುಚ್ಚುತ್ತದೆ. ಅವಳಿಗೆ ತನ್ನ ದಿನಾಂಕ ಬಾಯಿಪಾಠ. ಪ್ರತಿ ವರ್ಷ ಆ ದಿನ ಸ್ಟೇಟಸ್ ಹಾಕುತ್ತಾಳೆ, ಚಿಕ್ಕದೊಂದು ಕೇಕ್ ತರುತ್ತಾಳೆ, ಅರ್ಧ ನನಗೂ ಸಿಗುತ್ತದೆ.

ನನ್ನ ಬಳಿ ದಿನಾಂಕಗಳೇ ಇಲ್ಲ ಅಂತೇನೂ ಅಲ್ಲ. ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ದಿನ ಸಭೆಯ ರಿಜಿಸ್ಟರಿನಲ್ಲಿ ಇದೆ. ಅವತ್ತು ನಾನು ಪೂರ್ತಿ ನಿದ್ದೆ ಮಾಡಿದ್ದೆನಂತೆ. ಹೈಸ್ಕೂಲು ಮುಗಿಯುವ ಹೊತ್ತಿಗೆ ದೃಢೀಕರಣ ಆಯಿತು. ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವಾಗ ನನ್ನ ಗಮನವೆಲ್ಲ ಬಿಳಿ ಸೀರೆಯ ಪಿನ್ನಿನ ಮೇಲಿತ್ತು. ಇನ್ನು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ, ವಿ.ಬಿ.ಎಸ್. ಅದರ ಕೊನೆಯ ದಿನ ಎಲ್ಲರೂ ಕಣ್ಣು ಮುಚ್ಚಿರುವಾಗ ‘ಯೇಸುವನ್ನು ಹೃದಯಕ್ಕೆ ಕರೆಯುವವರು ಕೈ ಎತ್ತಿ’ ಅನ್ನುತ್ತಿದ್ದರು. ನಾನು ಪ್ರತಿ ವರ್ಷ ಎತ್ತುತ್ತಿದ್ದೆ. ಎತ್ತದಿದ್ದರೆ ಪಾಠ ಮಾಡಿದ ಅಕ್ಕನಿಗೆ ಬೇಜಾರಾಗುತ್ತದೆ ಅಂತ. ಹಾಗೆ ನೋಡಿದರೆ ನಾನು ಪ್ರತಿ ಬೇಸಿಗೆಯಲ್ಲೂ ಒಂದೊಂದು ಸಲ ರಕ್ಷಣೆ ಹೊಂದಿದ್ದೇನೆ.

ಆದರೆ ದೇವರನ್ನು ನಂಬುತ್ತೀಯಾ ಅಂದರೆ, ಹೌದು. ಯಾವಾಗಿನಿಂದ ಅಂದರೆ ಉತ್ತರ ಇಲ್ಲ. ಇದು ಕೊರತೆಯಾ? ಬಹಳ ದಿನ ನನ್ನನ್ನು ಕೊರೆದದ್ದು ಇದೇ.

ದಿನಾಂಕ ಇರುವವರು

ದಿನಾಂಕ ಕೇಳುವವರ ಹಿಂದೆ ದೊಡ್ಡ ಪರಂಪರೆಯೇ ಇದೆ ಅನ್ನುವುದನ್ನು ಮೊದಲು ಒಪ್ಪಬೇಕು. ಅಪೊಸ್ತಲ ಪೌಲನಿಗೆ ದಮಸ್ಕದ ದಾರಿ ಇತ್ತು, ಯೇಸುವಿನ ಬೆಳಕು ಕಂಡು ಅಲ್ಲೇ ಬದಲಾದ. ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಗೆ ದಿನ ಮಾತ್ರ ಅಲ್ಲ, ಗಡಿಯಾರದ ಹೊತ್ತೂ ಇತ್ತು. 1738ರ ಮೇ 24, ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ. ಲಂಡನ್ನಿನ ಒಂದು ಕೂಟದಲ್ಲಿ ಯಾರೋ ಲೂಥರ್ ಬರೆದದ್ದನ್ನು ಓದುತ್ತಿದ್ದರು, ಕೇಳುತ್ತಾ ಕೂತ ವೆಸ್ಲಿಯ ಎದೆ ಬೆಚ್ಚಗಾಯಿತು. ಈ ಕತೆಯನ್ನು ಎಲ್ಲ ಯೂತ್ ಕ್ಯಾಂಪುಗಳಲ್ಲೂ ಹೇಳುತ್ತಾರೆ. ಮುಂದಿನದ್ದನ್ನು ಯಾರೂ ಹೇಳುವುದಿಲ್ಲ. ಎಂಟು ತಿಂಗಳು ತುಂಬುವ ಮೊದಲೇ, 1739ರ ಜನವರಿಯಲ್ಲಿ, ಅದೇ ವೆಸ್ಲಿ ತನ್ನ ದಿನಚರಿಯಲ್ಲಿ ‘ನಾನು ಕ್ರೈಸ್ತನಲ್ಲ’ ಅಂತ ಬರೆದುಕೊಂಡ. ತನ್ನೊಳಗೆ ಪ್ರೀತಿ ಇಲ್ಲ, ಸಂತೋಷ ಇಲ್ಲ, ಸಮಾಧಾನ ಇಲ್ಲ ಅಂತ. ಇದನ್ನು ಓದಿದ ದಿನ ನನಗೆ ಆ ಮನುಷ್ಯನ ಮೇಲೆ ಮೊದಲ ಸಲ ಪ್ರೀತಿ ಬಂತು. ದಿನ, ಗಂಟೆ, ನಿಮಿಷ ಎಲ್ಲ ಗೊತ್ತಿದ್ದವನಿಗೂ ಮುಂದಿನ ಚಳಿಗಾಲದಲ್ಲಿ ಸಂಶಯ ಬಂತಲ್ಲ!

ಊರಲ್ಲಿ ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಕಟ್ಟಿದ ಸಭೆ. ಮನೆಯಲ್ಲಿ ತುಳು, ಆರಾಧನೆಗೆ ಕನ್ನಡ. ಶಾಂತವಾದ, ಪುಸ್ತಕ ನೋಡಿಕೊಂಡು ಪ್ರಾರ್ಥಿಸುವ, ಜೋರಾಗಿ ‘ಹಲ್ಲೆಲೂಯ’ ಅಂದರೆ ತಿರುಗಿ ನೋಡುವ ಸಭೆ. ಈ ‘ಪುನರ್ಜನ್ಮ’ದ (ನಂಬಿಕೆಯಲ್ಲಿ ಹೊಸದಾಗಿ ಹುಟ್ಟುವುದು) ಗಲಾಟೆಯೆಲ್ಲ ಪೆಂತೆಕೊಸ್ತಿನವರದ್ದು ಅಂತ ನಮ್ಮ ಹಿರಿಯರು ಕೈ ಒದರುತ್ತಾರೆ. ತಮಾಷೆ ಏನೆಂದರೆ 1834ರಲ್ಲಿ ಮಂಗಳೂರಿಗೆ ಬಂದಿಳಿದ ಹೆಬಿಕ್, ಲೆಹ್ನರ್, ಗ್ರೈನರ್ ಅವರನ್ನು ಕಳಿಸಿದವರು ಇದೇ ಪ್ರಶ್ನೆಯ ಜನ. ದಕ್ಷಿಣ ಜರ್ಮನಿಯಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಹಬ್ಬಿದ್ದ ಪೈಟಿಸ್ಟ್ ಭಕ್ತಿಯ, ಅಂದರೆ ಒಳಗಿನ ಅನುಭವಕ್ಕೆ ಒತ್ತು ಕೊಡುವ ಭಕ್ತಿಯ ಮಕ್ಕಳು. ಬಾಸೆಲ್ಲಿನ ಸೆಮಿನರಿಗೆ ಸೇರಬೇಕಾದರೆ ಹುಡುಗರು ತಮ್ಮ ಜೀವನದ ಕತೆ ಬರೆದು ಕೊಡಬೇಕಿತ್ತು. ದೇವರು ತನ್ನನ್ನು ಹೇಗೆ ಎಬ್ಬಿಸಿದ ಅನ್ನುವುದು ಅದರಲ್ಲಿ ಇರಲೇಬೇಕು. ಅಂದರೆ ಆ ಫಾರ್ಮಿನ ಖಾನೆ ನಮ್ಮ ಮನೆಯ ಬುನಾದಿಯಲ್ಲೇ ಇದೆ. ನಾವು ಅದರ ಮೇಲೆ ಚಾಪೆ ಹಾಸಿ ಕೂತಿದ್ದೇವೆ ಅಷ್ಟೆ.

ಮಂಗಳೂರಿನ ಮೊದಲ ತಲೆಮಾರಿನವರಿಗೂ ದಿನಾಂಕಗಳಿದ್ದವು. ಆನಂದರಾವ್ ಕೌಂಡಿನ್ಯ ಸಾರಸ್ವತ ಬ್ರಾಹ್ಮಣ ಮನೆತನದವರು. 1844ರಲ್ಲಿ ಮೋಗ್ಲಿಂಗ್ ಅವರಿಂದ ದೀಕ್ಷಾಸ್ನಾನ ತೆಗೆದುಕೊಂಡರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದ ಮೋಗ್ಲಿಂಗ್, ಅವರೇ. ಊರಲ್ಲಿ ದೊಡ್ಡ ಗದ್ದಲವೇ ಆಯಿತು. ಆಮೇಲೆ ಕೌಂಡಿನ್ಯರು ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಬೋಧಕರಾಗಿ ವಾಪಸ್ ಬಂದರು. ಅಂಥವರಿಗೆ ಆ ಒಂದು ದಿನ ಜೀವನವನ್ನೇ ಎರಡು ಭಾಗ ಮಾಡಿತು. ಹಿಂದಿನ ದಿನ ಮನೆ, ಜಾತಿ, ನೆಂಟರು, ಊಟದ ಪಂಕ್ತಿ ಎಲ್ಲ ಇತ್ತು. ಮರುದಿನ ಏನೂ ಇಲ್ಲ. ಮಿಶನ್ನಿನವರು ನೇಯ್ಗೆ ಕಾರ್ಖಾನೆ ಶುರು ಮಾಡಿದ್ದು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದ್ದು ಇದೇ ಕಾರಣಕ್ಕೆ. ದೀಕ್ಷಾಸ್ನಾನ ಆದವರಿಗೆ ಊರಲ್ಲಿ ಕೆಲಸ ಕೊಡುವವರು ಇರಲಿಲ್ಲ. ಅವರ ಮರಿಮಕ್ಕಳ ಮಕ್ಕಳಾದ ನಾವು ಅದೇ ಹೆಂಚಿನ ಮಾಡಿನ ಕೆಳಗೆ ಹುಟ್ಟಿದೆವು. ನಮ್ಮ ಜೀವನದಲ್ಲಿ ಅಂಥ ಗೆರೆಯೇ ಬೀಳಲಿಲ್ಲ. ಬೀಳಲು ಕಾರಣವೂ ಇರಲಿಲ್ಲ.

ಅಜ್ಜಿಯನ್ನು ಕೇಳಿದ್ದು

ರಜೆಗೆ ಊರಿಗೆ ಹೋದಾಗ ಅಜ್ಜಿಯನ್ನೇ ಕೇಳಿದೆ. ಅವರು ಜಗಲಿಯಲ್ಲಿ ಕೂತು ಬಸಳೆ ಸೋಸುತ್ತಿದ್ದರು. ‘ಅಜ್ಜೀ, ನೀವು ರಕ್ಷಣೆ ಹೊಂದಿದ್ದು ಯಾವಾಗ?’

ಅಜ್ಜಿ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ‘ಯಾರು ಕೇಳಿದ್ದು? ಕಮಿಟಿಯವರಾ?’

ಸಭೆಯ ಕಮಿಟಿಯವರು ಯಾವಾಗಲೂ ಏನಾದರೊಂದು ಲೆಕ್ಕ ಕೇಳುತ್ತಾ ಇರುತ್ತಾರೆ. ವಾರ್ಷಿಕ ಚಂದಾ ಬಾಕಿ, ಸ್ಮಶಾನದ ಕಾಂಪೌಂಡಿಗೆ ದೇಣಿಗೆ, ಹಾಗೇನೋ ಇರಬೇಕು ಅಂದುಕೊಂಡರು. ನಾನು ನಕ್ಕು, ಬೆಂಗಳೂರಿನ ಗೆಳತಿಯ ವಿಷಯ ಹೇಳಿದೆ. ಅವಳು ದಿನಾಂಕಕ್ಕೆ ಕೇಕ್ ತರುವುದನ್ನೂ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಬಸಳೆಯ ದಂಟು ಮುರಿಯುತ್ತಾ ಇದ್ದರು. ಅವರು ಏನಾದರೂ ದೊಡ್ಡ ಮಾತು ಹೇಳುತ್ತಾರೆ ಅಂತ ನಾನು ಕಾದೆ. (ಊರಿನ ಅಜ್ಜಿಯರಿಂದ ಜ್ಞಾನ ಸಿಗುತ್ತದೆ ಅಂತ ನಾವು ಬೆಂಗಳೂರಿನವರು ಸುಮ್ನೆ ನಂಬಿಕೊಂಡಿದ್ದೇವೆ.) ಅಜ್ಜಿ ಮೀನಿನವನು ಬಂದನಾ ನೋಡು ಅಂದರು. ಅಷ್ಟೆ.

ಮರುದಿನ ಬೆಳಿಗ್ಗೆ ಗಂಜಿ ಬಡಿಸುವಾಗ ಇದ್ದಕ್ಕಿದ್ದ ಹಾಗೆ ಕೇಳಿದರು. ‘ಆ ಹುಡುಗಿಗೆ ಮನೆಯಲ್ಲಿ ಯಾರೂ ಇಲ್ವಾ?’

‘ಇದ್ದಾರೆ ಅಜ್ಜಿ. ಅಪ್ಪ, ಅಮ್ಮ, ತಮ್ಮ ಎಲ್ಲ ಇದ್ದಾರೆ.’

‘ಅದಲ್ಲ. ಪ್ರಾರ್ಥನೆಗೆ.’

ಇಲ್ಲ. ಯಾರೂ ಇಲ್ಲ. ಅವಳ ಮನೆಯಲ್ಲಿ ನಂಬಿದವಳು ಅವಳೊಬ್ಬಳೇ. ಕಾಲೇಜಿನಲ್ಲಿ ಹಾಸ್ಟೆಲಿನ ಗೆಳತಿಯರ ಜೊತೆ ಒಂದು ಪ್ರಾರ್ಥನೆಗೆ ಹೋದವಳು ಅಲ್ಲೇ ನಿಂತಳು. ಅಪ್ಪ ಮಾತು ಬಿಟ್ಟರು. ತಮ್ಮನ ಮದುವೆಯ ಕಾರ್ಡಿನಲ್ಲಿ ಇವಳ ಹೆಸರು ಹಾಕಿಸಲಿಲ್ಲ. ಮದುವೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಊಟ ಮಾಡಿ, ರಾತ್ರಿ ಬಸ್ಸಿಗೆ ವಾಪಸ್ ಬಂದಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ದಿನಾಂಕಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆದಿರಲಿಲ್ಲ. ಅಜ್ಜಿಗೆ ಒಂದು ರಾತ್ರಿಯಲ್ಲಿ ಹೊಳೆಯಿತು.

ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಗೆ ಬರೆದ ಎರಡನೆಯ ಪತ್ರ ಶುರುವಾಗುವುದೇ ಇಂಥ ಕಡೆಯಿಂದ. ನಿನ್ನಲ್ಲಿರುವ ನಂಬಿಕೆ ಮೊದಲು ನಿನ್ನ ಅಜ್ಜಿ ಲೋವಿಯಲ್ಲಿತ್ತು, ನಿನ್ನ ತಾಯಿ ಯೂನೀಕೆಯಲ್ಲಿತ್ತು ಅಂತ ಪೌಲ ನೆನಪಿಸುತ್ತಾನೆ. ದಮಸ್ಕದ ದಾರಿಯಲ್ಲಿ ಬಿದ್ದು ಕಣ್ಣು ಕಳೆದುಕೊಂಡವನು, ತನ್ನ ನಂಬಿಕೆಗೆ ಸ್ಥಳ ತೋರಿಸಬಲ್ಲವನು, ಯಾವ ದಾರಿಯಲ್ಲೂ ಬೀಳದ ಹುಡುಗನಿಗೆ ಬರೆಯುತ್ತಿದ್ದಾನೆ. ‘ನಿನಗೆ ಬೆಳಕು ಕಂಡಿದ್ದು ಯಾವಾಗ?’ ಅಂತ ಕೇಳುವುದಿಲ್ಲ. ಅಜ್ಜಿಯ ಹೆಸರು ಹೇಳುತ್ತಾನೆ. ನನಗೆ ಲೋವಿ ಇದ್ದಾಳೆ, ಯೂನೀಕೆ ಇದ್ದಾಳೆ. ನನ್ನ ಗೆಳತಿಗೆ ಇಲ್ಲ. ಅವಳ ಬಳಿ ಇರುವುದು ಆ ಒಂದು ದಿನ. ನನಗೆ ಕುಟುಂಬದ ಫೋಟೋ ಆಲ್ಬಮ್ ಏನೋ ಅವಳಿಗೆ ಆ ದಿನಾಂಕ ಅದು. ಅವಳ ಕೈಯಿಂದ ಅದನ್ನು ಕಿತ್ತುಕೊಂಡು ‘ಇದೆಲ್ಲ ಭಾವುಕತೆ’ ಅನ್ನಲು ನನಗೆ ಯಾವ ಹಕ್ಕಿದೆ?

ಇನ್ನೊಂದು ವಿಷಯ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತಲ್ಲ, ಅದರ ಪ್ರಕಾರ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಫಾರ್ಮ್ ಕೊಡಬೇಕಿತ್ತು. ಆದ ಮೇಲೆ 30 ದಿನದೊಳಗೆ ಇನ್ನೊಂದು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಆ ದಿನಗಳಲ್ಲಿ ನಮ್ಮ ಊರಿನ ಸಭೆಯಲ್ಲಿ ಯಾರೂ ಈ ಬಗ್ಗೆ ಹೆಚ್ಚು ಮಾತಾಡಲಿಲ್ಲ. ನಮ್ಮ ದಿನಾಂಕಗಳೆಲ್ಲ ಹಳೆಯವು, ರಿಜಿಸ್ಟರಿನಲ್ಲಿ ಭದ್ರವಾಗಿವೆ. ಹೆದರಿದವರು ಅವಳಂಥವರು. ಸಭೆಯೂ ದಿನಾಂಕ ಕೇಳುತ್ತದೆ, ಸರ್ಕಾರವೂ ಕೇಳುತ್ತದೆ, ಅಪ್ಪನೂ ‘ಯಾವತ್ತಿಂದ ಇದೆಲ್ಲ?’ ಅಂತ ಕೇಳುತ್ತಾನೆ. ಮೂರು ಕಡೆಗೂ ಉತ್ತರ ಕೊಡಬೇಕಾದವಳು ಒಬ್ಬಳೇ.

ಹಾಡಲಾಗದ ವರ್ಷ

ಹಾಗಂತ ನಾನು ಅವಳ ಸಭೆಯ ಎಲ್ಲವನ್ನೂ ಒಪ್ಪಿಕೊಂಡೆ ಅಂತಲ್ಲ. ಅಲ್ಲಿನ ಆರಾಧನೆ ನಡೆಯುವುದು ಒಂದು ಫರ್ನಿಚರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ. ಡ್ರಮ್ಸ್, ಎರಡು ಗಿಟಾರ್, ಗೋಡೆಯ ಮೇಲೆ ಹಾಡಿನ ಸಾಲುಗಳು. ದೀಪ ಮಂಕಾಗುತ್ತದೆ. ನಾಲ್ಕೇ ಸಾಲು, ಮತ್ತೆ ಮತ್ತೆ. ಮೊದಲ ಸಲ ಹೋದಾಗ ನಾನು ಅತ್ತೆ. ಮನೆಗೆ ಬಂದ ಮೇಲೆ ಯೋಚಿಸಿದೆ, ಅಳಿಸಿದ್ದು ದೇವರಾ, ಕೀಬೋರ್ಡಾ? ಈ ಪ್ರಶ್ನೆ ಈಗ ನನಗೆ ಅಷ್ಟು ಬುದ್ಧಿವಂತಿಕೆಯದ್ದು ಅನ್ನಿಸುವುದಿಲ್ಲ. ದೇವರು ಕೀಬೋರ್ಡ್ ಬಳಸಬಾರದು ಅಂತ ಎಲ್ಲಿದೆ? ಊರಿನಲ್ಲಿ ನಾವು ಹಾಡುವ ಹಳೆಯ ಜರ್ಮನ್ ರಾಗಗಳೂ ಯಾರನ್ನೋ ಅಳಿಸಲೆಂದೇ ಕಟ್ಟಿದವು.

ಆದರೆ ಒಂದು ವರ್ಷ ನನಗೆ ಆ ಹಾಲ್‌ಗೆ ಹೋಗಲು ಆಗಲೇ ಇಲ್ಲ. ನನ್ನ ದೊಡ್ಡಮ್ಮನ ಮಗ, ನನಗಿಂತ ಸ್ವಲ್ಪ ದೊಡ್ಡವನು, ಹೆದ್ದಾರಿ 66ರಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಏಟು ಬಿದ್ದು ಐ.ಸಿ.ಯು. ಸೇರಿದ. ಎಲ್ಲರೂ ಪ್ರಾರ್ಥಿಸಿದರು. ಬೆಂಗಳೂರಿನವರು ಫೋನಿನಲ್ಲಿ ಸರಪಳಿ ಪ್ರಾರ್ಥನೆ ಮಾಡಿದರು. ಒಬ್ಬೊಬ್ಬರು ಒಂದೊಂದು ಗಂಟೆ, ರಾತ್ರಿಯೆಲ್ಲ. ಅದನ್ನು ನಾನು ಮರೆಯುವುದಿಲ್ಲ. ಅವನು ಉಳಿಯಲಿಲ್ಲ. ಆಮೇಲೆ ಅಲ್ಲಿ ಒಬ್ಬರು, ಸಮಾಧಾನ ಮಾಡಲೆಂದೇ, ‘ಮನೆಯವರಲ್ಲಿ ಒಬ್ಬರಿಗಾದರೂ ಪೂರ್ತಿ ನಂಬಿಕೆ ಇದ್ದಿದ್ದರೆ’ ಅಂತ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರು. ಉಳಿದ ಅರ್ಧ ನನಗೆ ಕೇಳಿಸಿತು.

ಆ ವರ್ಷ ನಾನು ಆಗಾಗ ಊರಿಗೆ ಹೋಗುತ್ತಿದ್ದೆ. ಭಾನುವಾರ ಅಮ್ಮನ ಪಕ್ಕ ನಿಲ್ಲುತ್ತಿದ್ದೆ. ಬಾಯಿ ತೆರೆದರೆ ಧ್ವನಿ ಬರುತ್ತಿರಲಿಲ್ಲ. ಸಂಗೀತ ಪುಸ್ತಕ ತೆರೆದು ಹಿಡಿದುಕೊಂಡು ಸುಮ್ಮನೆ ನಿಲ್ಲುವುದು. ನಮ್ಮ ಹಿಂದಿನ ಬೆಂಚಿನಲ್ಲಿ ಕೂರುವ ಒಬ್ಬ ಹಿರಿಯರು ಇದ್ದಾರೆ. ಹೆಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪ್ರತಿ ವಾರ ಮೊದಲ ಹಾಡು ಮುಗಿಯುವಾಗ ಬರುತ್ತಾರೆ. ಶ್ರುತಿಗೂ ಅವರಿಗೂ ಸಂಬಂಧ ಇಲ್ಲ. ತಾಳವೂ ಅವರದ್ದೇ. ಸಭೆ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಅವರು ಇನ್ನೂ ಕೊನೆಯ ಶಬ್ದವನ್ನು ಎಳೆಯುತ್ತಿರುತ್ತಾರೆ. ಕೀಬೋರ್ಡ್ ಬಾರಿಸುವ ಹುಡುಗ ಎಷ್ಟೋ ಸಲ ಹಲ್ಲು ಕಚ್ಚಿದ್ದನ್ನು ನೋಡಿದ್ದೇನೆ. ಚಿಕ್ಕವಳಿದ್ದಾಗ ನಾನೂ ನನ್ನ ಅಣ್ಣನೂ (ಅದೇ, ತೀರಿಕೊಂಡವನು) ಅವರನ್ನು ಅಣಕಿಸಿ ಅಮ್ಮನ ಕೈಯಿಂದ ಚಿವುಟಿಸಿಕೊಂಡಿದ್ದೆವು. ಆ ವರ್ಷ ನನ್ನ ಬೆನ್ನ ಹಿಂದೆ ಆ ಧ್ವನಿ ಇತ್ತು. ನಾನು ಹಾಡುತ್ತಿಲ್ಲ ಅನ್ನುವುದು ಅವರಿಗೆ ಕಾಣುತ್ತಿತ್ತು. ಏನೂ ಹೇಳಲಿಲ್ಲ. ಸುಮ್ನೆ ಹಾಡಿದರು, ಕೆಟ್ಟದಾಗಿ, ಜೋರಾಗಿ.

ನಮ್ಮ ಆರಾಧನೆಯ ಕ್ರಮ ಅಚ್ಚಾಗಿರುವಂಥದ್ದು. ಪಾಪದ ಅರಿಕೆ, ಕ್ಷಮೆಯ ಮಾತು, ಕೀರ್ತನೆ, ಪಾಠಗಳು, ವಿಶ್ವಾಸ ಪ್ರಮಾಣ. ಇದನ್ನು ‘ಸತ್ತ ಆರಾಧನೆ’ ಅಂತ ಗೆಳತಿಯ ಸಭೆಯಲ್ಲಿ ಹಾಸ್ಯ ಮಾಡುವುದುಂಟು. ಬೋರ್ ಹೊಡೆಸುತ್ತದೆ, ಹೌದು. ಆದರೆ ಆ ಪುಸ್ತಕ ನನ್ನನ್ನು ಒಂದು ದಿನವೂ ‘ಇವತ್ತು ನಿನ್ನ ಹೃದಯ ಹೇಗಿದೆ?’ ಅಂತ ಕೇಳಲಿಲ್ಲ. ನಾನು ಒಡೆದುಹೋಗಿದ್ದರೂ ಮುಂದಿನ ಪುಟ ಇರುತ್ತಿತ್ತು. ಹಾಲ್‌ನಲ್ಲಿ ಆರಾಧನೆ ನಡೆಸುವವರು ಮೈಕಿನಲ್ಲಿ ‘ನಿಮಗೆ ಆತನ ಪ್ರಸನ್ನತೆ ಅನುಭವ ಆಗ್ತಿದೆಯಾ?’ ಅಂತ ಕೇಳಿದರೆ ಆ ವರ್ಷ ನಾನು ಎದ್ದು ಹೊರಗೆ ಹೋಗಬೇಕಾಗುತ್ತಿತ್ತು. ಊರಿನಲ್ಲಿ ಎದ್ದು ಹೋಗುವ ಅಗತ್ಯ ಬರಲಿಲ್ಲ. ಎಲ್ಲರೂ ನಿಂತಾಗ ನಿಂತೆ, ಕೂತಾಗ ಕೂತೆ. ವಿಶ್ವಾಸ ಪ್ರಮಾಣವನ್ನು ಬೇರೆಯವರು ಹೇಳಿದರು, ನಾನು ಕೇಳಿದೆ. ಬರಬರುತ್ತಾ ಕೆಲವು ಸಾಲುಗಳಿಗೆ ನನ್ನ ಧ್ವನಿಯೂ ಸೇರಿತು. ಯಾವ ಭಾನುವಾರದಿಂದ ಅಂತ ಕೇಳಬೇಡಿ.

ಹೆಂಚು ತೆಗೆದವರು

ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಕಪೆರ್ನೌಮಿನ ಆ ಮನೆಯ ಬಾಗಿಲಲ್ಲಿ ಜನ ಕಿಕ್ಕಿರಿದಿದ್ದಾರೆ. ಇವರು ಮೇಲೆ ಹತ್ತಿ, ಮಾಡು ಬಿಚ್ಚಿ, ಹಾಸಿಗೆಯ ಸಮೇತ ಅವನನ್ನು ಕೆಳಗೆ ಇಳಿಸುತ್ತಾರೆ. ಲೂಕ ಈ ಕತೆ ಹೇಳುವಾಗ ಹೆಂಚು ತೆಗೆದರು ಅನ್ನುತ್ತಾನೆ. ಸಂಡೇ ಸ್ಕೂಲಿನಲ್ಲಿ ಇದು ಬಂದಾಗ ನಮಗೆಲ್ಲ ಖುಷಿ. ಹೆಂಚು ತೆಗೆಯುವುದು ನಮಗೆ ಗೊತ್ತಿದ್ದ ಕೆಲಸ. ಮಳೆಗಾಲಕ್ಕೆ ಮೊದಲು ಒಡೆದ ಹೆಂಚು ಬದಲಿಸಲು ಮಾಮ ಮೇಲೆ ಹತ್ತುತ್ತಿದ್ದರು. ಕೆಳಗೆ ಬಿದ್ದ ಕಸ ಗುಡಿಸುತ್ತಾ ಅಮ್ಮ ಬೈಯುತ್ತಿದ್ದರು. ಆ ಕಪೆರ್ನೌಮಿನ ಮನೆಯ ಹೆಂಗಸು ಎಷ್ಟು ಬೈದಿರಬೇಕು ಅಂತ ನಾವು ಕೇಳಿ ಟೀಚರನ್ನು ಗೋಳು ಹೊಯ್ದುಕೊಂಡಿದ್ದೆವು.

ಈಗ ಓದಿದಾಗ ಕಣ್ಣು ನಿಲ್ಲುವುದು ಬೇರೆ ಕಡೆ. ಯೇಸು ಆ ನಾಲ್ವರ ನಂಬಿಕೆಯನ್ನು ನೋಡಿ, ಮಲಗಿದವನಿಗೆ ‘ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ’ ಅನ್ನುತ್ತಾನೆ. ಮಲಗಿದವನು ಒಂದು ಮಾತೂ ಆಡಿಲ್ಲ. ನಂಬಿದ್ದನೋ ಇಲ್ಲವೋ ಮಾರ್ಕ ಬರೆಯುವುದಿಲ್ಲ. ಬಹುಶಃ ಬೇಡ ಅಂದಿದ್ದನೋ ಏನೋ. ಎಲ್ಲರೆದುರು ಹೀಗೆ ಹಗ್ಗ ಕಟ್ಟಿ ಇಳಿಸಿದರೆ ಯಾರಿಗೆ ನಾಚಿಕೆ ಆಗುವುದಿಲ್ಲ? ಊರಿನ ಮನೆ ಪ್ರಾರ್ಥನೆಯಲ್ಲಿ ಒಬ್ಬರು ಆಂಟಿ ಕಣ್ಣು ಮುಚ್ಚಿ ಎಲ್ಲರ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ‘ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಕೂತಿರುವ ಈ ಮಗಳನ್ನು ನೋಡು ಕರ್ತನೇ’ ಅಂತ ನನ್ನನ್ನೂ ಒಮ್ಮೆ ಇಳಿಸಿದ್ದರು. ಕೆಲಸ ಬಿಟ್ಟದ್ದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಪ್ರಾರ್ಥನೆಯ ಹೆಸರಿನಲ್ಲಿ ಊರಿನ ಸುದ್ದಿ ಪ್ರಸಾರ ಆಗುವುದು ನಮ್ಮಲ್ಲಿ ಹೊಸದಲ್ಲ. ಸಿಟ್ಟು ಬಂದಿತ್ತು. ಆದರೂ ಹೊತ್ತವರು ಅವರೇ ಅನ್ನುವುದೂ ನಿಜ.

ನಮ್ಮ ರೀತಿಯಲ್ಲಿ ಇರುವ ಅಪಾಯವನ್ನೂ ಹೇಳಬೇಕು. ಹೊತ್ತುಕೊಂಡವರ ಹೆಗಲ ಮೇಲೆ ಜೀವನಪೂರ್ತಿ ಮಲಗಿಬಿಡಬಹುದು. ನಮ್ಮ ಸಭೆಗಳಲ್ಲಿ ಅಂಥವರು ಜಾಸ್ತಿ. ಸದಸ್ಯತ್ವ ಅಂದರೆ ಮದುವೆಗೆ ಸರ್ಟಿಫಿಕೇಟು, ಸತ್ತರೆ ಸ್ಮಶಾನದಲ್ಲಿ ಜಾಗ. ನಡುವೆ ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ. ಕಮಿಟಿ ಚುನಾವಣೆಗೆ ಬರುವ ಹುರುಪು ಪ್ರಾರ್ಥನೆಗೆ ಬರುವುದಿಲ್ಲ. ಎಲ್ಲರನ್ನೂ ಹೀಗೆ ಮಲಗಿಸಿ ಹೊರಲು ಹೊರುವವರೇ ಉಳಿಯುವುದಿಲ್ಲ. ಗೆಳತಿಯ ‘ಮೊಮ್ಮಕ್ಕಳಿಲ್ಲ’ ಅನ್ನುವ ಮಾತು ಇಲ್ಲಿ ಸರಿಯಾಗಿ ನಾಟುತ್ತದೆ. ಎದ್ದು ನಿಲ್ಲು, ಹಾಸಿಗೆ ಎತ್ತಿಕೋ ಅಂತ ಯೇಸು ಆ ಮನುಷ್ಯನಿಗೂ ಹೇಳಿದ.

ಇನ್ನು ಯಾವ ಗುಂಪಿನಲ್ಲೂ ನನ್ನ ಜೊತೆ ಯಾರೂ ನಿಧಾನವಾಗಿ ಮಾತಾಡಲು ಒಪ್ಪದ ವಿಷಯ ಒಂದಿದೆ. ನಮ್ಮ ಮನೆತನದ ಒಂದು ಕವಲು ಕ್ರೈಸ್ತರಾಗಲಿಲ್ಲ. ಅವರು ಇವತ್ತಿಗೂ ದೈವಗಳ ಗರಡಿಗೆ ಹೋಗುತ್ತಾರೆ, ದೈವದ ನೇಮ ಮಾಡಿಸುತ್ತಾರೆ. ಕ್ರಿಸ್ಮಸ್ಸಿಗೆ ನಮ್ಮ ತಟ್ಟೆ ಅವರ ಮನೆಗೆ ಹೋಗುತ್ತದೆ, ಅವರ ಬಾಳೆಗೊನೆ ನಮ್ಮ ಮನೆಗೆ ಬರುತ್ತದೆ. ಅಣ್ಣ ಐ.ಸಿ.ಯು.ನಲ್ಲಿ ಇದ್ದಾಗ ಆ ಮನೆಯ ಅತ್ತೆಯೊಬ್ಬರು ಆಸ್ಪತ್ರೆಯ ಬೆಂಚಿನ ಮೇಲೆ ದೊಡ್ಡಮ್ಮನ ಕೈ ಹಿಡಿದು ರಾತ್ರಿಗಟ್ಟಲೆ ಕೂತರು. ಫ್ಲಾಸ್ಕಿನಲ್ಲಿ ಗಂಜಿ ತಂದು ಚಮಚದಲ್ಲಿ ಕುಡಿಸಿದರು. ಅವರ ರಕ್ಷಣೆ? ಗೆಳತಿಯ ಬಳಿ ಇದಕ್ಕೆ ಉತ್ತರ ಇದೆ, ವಾಕ್ಯದ ಸಂಖ್ಯೆಯ ಸಮೇತ. ನಮ್ಮ ಸಭಾಪಾಲಕರ ಬಳಿಯೂ ಇದೆ, ಸ್ವಲ್ಪ ಮೆತ್ತಗಿನದ್ದು. ನನ್ನ ಬಳಿ ಇಲ್ಲ. ನಾನು ಮತ್ತೆ ಮತ್ತೆ ಓದುವುದು ಮತ್ತಾಯನ 25ನೆಯ ಅಧ್ಯಾಯ. ಹಸಿದಿದ್ದೆ, ಊಟ ಕೊಟ್ಟಿರಿ, ಕಾಯಿಲೆ ಬಿದ್ದಿದ್ದೆ, ನೋಡಲು ಬಂದಿರಿ ಅಂತ ಅರಸನು ಹೇಳಿದಾಗ, ಬಲಗಡೆ ನಿಂತವರು ಹೌದು ಅನ್ನುವುದಿಲ್ಲ. ‘ಯಾವಾಗ?’ ಅಂತ ಕೇಳುತ್ತಾರೆ. ಅವರಿಗೂ ದಿನಾಂಕ ಗೊತ್ತಿಲ್ಲ! ಇದನ್ನು ಕಂಡು ನಾನು ಕುಣಿದಾಡಿ ಗೆಳತಿಗೆ ತೋರಿಸಿದೆ. ಅವಳು ಶಾಂತವಾಗಿ ಕೆಳಗಿನ ವಾಕ್ಯ ತೋರಿಸಿದಳು. ಎಡಗಡೆ ನಿಂತವರೂ ‘ಯಾವಾಗ?’ ಅಂತಲೇ 
ಕೇಳುತ್ತಾರೆ. ಅಂದರೆ ಗೊತ್ತಿಲ್ಲದಿರುವುದೇ ಒಂದು ಗುಣ ಅಂತ ನಾನು ಬೀಗುವ ಹಾಗೂ ಇಲ್ಲ.

ಮಗುವಿನ ಪರವಾಗಿ

ಕಳೆದ ಮಳೆಗಾಲ ಮುಗಿದ ಮೇಲೆ ಮಾಮನ ಮಗಳ ಮಗುವಿಗೆ ದೀಕ್ಷಾಸ್ನಾನ ಇತ್ತು. ಸಾಕ್ಷಿಯಾಗಿ ನಿಲ್ಲಲು ನನ್ನನ್ನು ಕೇಳಿದರು. ಗೆಳತಿಗೆ ಊರು ನೋಡಬೇಕು ಅನ್ನುವ ಆಸೆ ಇತ್ತು, ಅವಳೂ ಬಂದಳು. ಕೈ ನೋವಾಗುವಷ್ಟು ಭಾರದ ಮಗು. ಸಭಾಪಾಲಕರು ಪ್ರಶ್ನೆಗಳನ್ನು ಕೇಳುತ್ತಾ ಹೋದರು. ಈ ಮಗುವನ್ನು ನಂಬಿಕೆಯಲ್ಲಿ ಬೆಳೆಸುತ್ತೀರಾ, ಪ್ರಾರ್ಥಿಸಲು ಕಲಿಸುತ್ತೀರಾ. ನಾನು ಉತ್ತರ ಕೊಟ್ಟೆ. ಹಾಡಲಾಗದೆ ನಿಂತಿದ್ದವಳು ಈಗ ಇನ್ನೊಬ್ಬರ ಪರವಾಗಿ ಮಾತು ಕೊಡುತ್ತಿದ್ದೇನಲ್ಲ ಅಂತ ಭಯವೂ ಆಯಿತು. ಆಮೇಲೆ ಸಭೆಯನ್ನೂ ಕೇಳಿದರು. ಎಲ್ಲರೂ ಒಟ್ಟಿಗೆ ಉತ್ತರಿಸಿದರು. ಹಿಂದಿನ ಬೆಂಚಿನ ಹಿರಿಯರು ಒಂದು ಕ್ಷಣ ತಡವಾಗಿ. ತಲೆಗೆ ನೀರು ಬಿದ್ದದ್ದೇ ಮಗು ಕಿರುಚಿ ನನ್ನ ಸೆರಗನ್ನು ಬಾಯಿಗೆ ಹಾಕಿಕೊಂಡಿತು.

ಊಟದಲ್ಲಿ ಕೋರಿ ರೊಟ್ಟಿ ಇತ್ತು. ಗೆಳತಿ ಸಭಾಪಾಲಕರ ಎದುರೇ ಕೂತು ಶಿಶು ದೀಕ್ಷಾಸ್ನಾನದ ಬಗ್ಗೆ ವಾದಕ್ಕೆ ಇಳಿದಳು. ಪಾಪ, ಅವರಿಗೆ ಸರಿಯಾಗಿ ಉಣ್ಣಲೂ ಬಿಡಲಿಲ್ಲ. ಸಿ.ಎಸ್.ಐ.ನಲ್ಲಿ ದೊಡ್ಡವರಾದ ಮೇಲೆ ತೆಗೆದುಕೊಳ್ಳುವ ದೀಕ್ಷಾಸ್ನಾನಕ್ಕೂ ಜಾಗ ಇದೆ ಅಂತ ಅವರು ಹೇಳಿದರು. ‘ಹಾಗಾದರೆ ಕಾಯಬಹುದಿತ್ತಲ್ಲ ಅಯ್ಯನವರೇ’ ಅಂದಳು. ಅಜ್ಜಿ ಅವಳ ತಟ್ಟೆಗೆ ಇನ್ನಷ್ಟು ಸಾರು ಸುರಿದು, ಅಪ್ಪ ಫೋನ್ ಮಾಡುತ್ತಾರಾ ಅಂತ ಕೇಳಿದರು. ಇಲ್ಲ ಅಂದಳು. ‘ನಿಮ್ಮ ಅಪ್ಪನ ಹೆಸರೇನು?’ ಅಂದರು ಅಜ್ಜಿ. ಅವರು ಹೆಸರು ಕೇಳಿದರು ಅಂದರೆ ಅದು ರಾತ್ರಿಯ ಪ್ರಾರ್ಥನೆಗೆ ಹೋಗುತ್ತದೆ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ವಾಪಸ್ ಬರುವ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತುವಷ್ಟು ಹೊತ್ತೂ ನಮ್ಮ ಜಗಳ ಮುಂದುವರಿಯಿತು. ನಾನು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ತೆಗೆದೆ. ಸೆರೆಮನೆಯ ಅಧಿಕಾರಿಗೆ ದೀಕ್ಷಾಸ್ನಾನ ಆದಾಗ ಅವನ ಮನೆಯವರಿಗೆಲ್ಲ ಆಯಿತು, ನೋಡು ಅಂದೆ. ‘ಮನೆಯವರಲ್ಲಿ ಹಸುಗೂಸು ಇತ್ತು ಅಂತ ಎಲ್ಲಿ ಬರೆದಿದೆ?’ ಅಂದಳು. ಬರೆದಿಲ್ಲ. ಇರಲಿಲ್ಲ ಅಂತಲೂ ಬರೆದಿಲ್ಲ ಅಂದೆ. ‘ಇದು ವಾದಾನಾ?’ ಅಂದಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ಸಕಲೇಶಪುರದಲ್ಲಿ ಬಸ್ ನಿಂತಾಗ ಇಳಿದು ಟೀ ತೆಗೆದುಕೊಂಡೆವು. ಸುಗ್ಗಿ ಹಬ್ಬದ ದಿನ ನಮ್ಮ ಚರ್ಚಿನಲ್ಲಿ ಕೋಳಿ, ಕುಂಬಳಕಾಯಿ ಎಲ್ಲ ಹರಾಜು ಹಾಕುತ್ತಾರೆ ಅಂತ ಅಜ್ಜಿ ಅವಳಿಗೆ ಹೇಳಿದ್ದರಂತೆ. ಯಾವ ತಿಂಗಳು, ಈಗಲೇ ರಜೆ ಹಾಕಬೇಕು ಅಂದಳು.